ಸೇಡು ಯಾರ ಸುಖ?

‘ಸೇಡು ದೇವತೆಗಳ ಸುಖ’ ಎಂಬ ಮಾತು ಪೋಲೆಂಡಿನಲ್ಲಿ ಬಳಕೆಯಲ್ಲಿದೆ. ಹಗೆ ತೀರಿಸಿಕೊಂಡವನು ಈ ಮಾತನ್ನು ಹಿಗ್ಗಿನಿಂದ ಆಡುತ್ತಾನೆ. ಅವನನ್ನು ಛೇಡಿಸುವವರೂ ಇದನ್ನೇ ಆಡುತ್ತಾರೆ. ಕ್ಯಾಥೊಲಿಕರೇ ಹೆಚ್ಚಿರುವ ನಾಡಿನಲ್ಲಿ ಇದು ಉಳಿದುಬಂದದ್ದು ಸೋಜಿಗ. ಸಂತ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರವಂತೂ ಮುಯ್ಯಿ ತೀರಿಸುವ ಕೆಲಸವನ್ನು ದೇವರಿಗೇ ಬಿಡಬೇಕೆನ್ನುತ್ತದೆ.

1834ರಲ್ಲಿ ರಂಗಕ್ಕೆ ಬಂದ, ಪೋಲಿಷ್ ನಾಟಕಕಾರ ಅಲೆಕ್ಸಾಂಡರ್ ಫ್ರೆದ್ರೊನ ಪ್ರಸಿದ್ಧ ಹಾಸ್ಯನಾಟಕದ ಹೆಸರೇ ‘ಸೇಡು’. ಒಂದೇ ಕೋಟೆಯಲ್ಲಿರುವ ಇಬ್ಬರು ಗೋಡೆಗಾಗಿ ಕಾದಾಡುತ್ತಾರೆ. ವೈರಿಯನ್ನು ಉರಿಸಲೆಂದೇ ಒಬ್ಬನು ಅವನ ಮಗನಿಗೆ ಮದುವೆ ಮಾಡಿಸುತ್ತಾನೆ; ಜಗಳ ಅಲ್ಲಿಗೇ ಮುಗಿಯುತ್ತದೆ.

ಗೋಡೆಯ ಜಗಳಕ್ಕೆ ಸಾಕಾಗುವ ಪರಿಹಾರ ಸಾವಿನ ಲೆಕ್ಕಕ್ಕೆ ಸಾಲದು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ 50 ಲಕ್ಷಕ್ಕೂ ಹೆಚ್ಚು ಪ್ರಜೆಗಳು ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಯಹೂದಿಗಳು. ಹೀಗಿದ್ದೂ 1965ರ ನವೆಂಬರಿನಲ್ಲಿ ಪೋಲಿಷ್ ಬಿಷಪರು ಜರ್ಮನ್ ಬಿಷಪರಿಗೆ ಪತ್ರ ಬರೆದು ಕ್ಷಮೆ ನೀಡಿದರು, ಕ್ಷಮೆ ಕೇಳಿದರು ಕೂಡ. ಗೊಮುಲ್ಕಾ ನೇತೃತ್ವದ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಕೆರಳಿತು. ಭಕ್ತರಲ್ಲೂ ಹಲವರಿಗೆ ನೋವಾಯಿತು. ಅವರ ನೋವು ಅನ್ಯಾಯದ್ದಲ್ಲ: ಸತ್ತವರ ಪರವಾಗಿ ಕ್ಷಮಿಸುವ ಹಕ್ಕು ಬದುಕುಳಿದವರಿಗೆ ಎಲ್ಲಿಂದ ಬರಬೇಕು? ಆದರೂ ಬಿಷಪರು ಬರೆದದ್ದು ಸರಿ. ಅವರು ಪತ್ರದಲ್ಲಿ ಯುದ್ಧದ ಕ್ರೌರ್ಯವನ್ನು ಮರೆಮಾಚಲಿಲ್ಲ, ಎಲ್ಲವನ್ನೂ ಹೇಳಿಯೇ ಕೈ ಚಾಚಿದರು.