ತೃಪ್ತಿಯ ಅಳತೆಗೋಲು

ಎರಡು ತಿಂಗಳ ಹಿಂದೆ ನನ್ನ ಸೋದರತ್ತೆಯ ಫೋನಿಗೆ ಅವರ ಬ್ಯಾಂಕಿನಿಂದ ಒಂದು ಪ್ರಶ್ನೆ ಬಂದಿತು: ನಮ್ಮ ಆನ್‌ಲೈನ್ ಸೇವೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ? ಕೆಳಗೆ ಐದು ನಕ್ಷತ್ರಗಳು. ಅತ್ತೆ ಕನ್ನಡಕವನ್ನೂ ಹಾಕಿಕೊಳ್ಳದೆ, "ಐದನ್ನೂ ಒತ್ತಿಬಿಡಪ್ಪ. ಪಾಪ, ಅವರಿಂದ ನಮಗೇನು ತೊಂದರೆ?" ಎಂದರು. ಒತ್ತಿದೆ. ಆದರೆ ಮನಸ್ಸಿಗೆ ಸರಿಹೋಗಲಿಲ್ಲ. ಪುಟ ತೆರೆಯುವುದು ಅರೆಗಳಿಗೆ ತಡವಾಯಿತೆಂದು ಅದೇ ಬ್ಯಾಂಕಿಗೆ ಹಿಂದಿನ ವಾರವಷ್ಟೆ ನಾನು ಮೂರು ನಕ್ಷತ್ರ ಕೊಟ್ಟಿದ್ದೆ.

ಸೇವೆಯನ್ನು ಅಳೆಯುವುದಕ್ಕೂ ಒಂದು ಶಾಸ್ತ್ರವಿದೆ. 1988ರಲ್ಲಿ ಪರಶುರಾಮನ್, ಜೈಥಮಲ್, ಬೆರಿ ಎಂಬ ಮೂವರು ವಿದ್ವಾಂಸರು ಅಮೆರಿಕದಲ್ಲಿ 'ಸರ್ವ್‌ಕ್ವಾಲ್' ಎಂಬ ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ 22 ಅಂಶಗಳು. ಗಿರಾಕಿ ಕಂಡದ್ದರಲ್ಲಿ ಅವನು ನಿರೀಕ್ಷಿಸಿದ್ದನ್ನು ಕಳೆದರೆ ಉಳಿಯುವುದೇ ಗುಣಮಟ್ಟ. ನಿರೀಕ್ಷೆಯ ಗೊಡವೆ ಬೇಡ, ಕಂಡದ್ದನ್ನಷ್ಟೆ ಕೇಳಿದರೆ ಸಾಕೆಂದು 1992ರಲ್ಲಿ ಕ್ರೋನಿನ್ ಮತ್ತು ಟೇಲರ್ ವಾದಿಸಿದರು. 2005ರಲ್ಲಿ ಅಂತರಜಾಲದ ಅಂಗಡಿಗಳಿಗೆಂದು ಬೇರೊಂದು ಕೋಲು ಬಂತು. ಬ್ಯಾಂಕುಗಳನ್ನು ಅಳೆಯುವವರೂ ಅದನ್ನು ಬಳಸಿಕೊಂಡರು. ಕೆಲಸ ಸಲೀಸಾಗಿ ಆಗುವುದೆ, ಕೊಟ್ಟ ಮಾತು ನಡೆಯುವುದೆ, ಬೇಕಾದಾಗ ಯಂತ್ರ ದೊರಕುವುದೆ, ಗುಟ್ಟು ಗುಟ್ಟಾಗಿ ಉಳಿಯುವುದೆ ಎಂಬ ನಾಲ್ಕು ಮುಖಗಳು ಅದಕ್ಕೆ.

ಕಳೆಯುವ ಲೆಕ್ಕ ಜಾಣತನದ್ದೇ. ಆದರೆ ಏನನ್ನೂ ನಿರೀಕ್ಷಿಸದವರ ಮುಂದೆ ಅದು ಏನು ಮಾಡೀತು? ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿಯ ಬಡನೆಂಟ ಅನ್ನ ಸಾರು ಉಂಡು ಕೈಮುಗಿದು ಹೋಗುತ್ತಾನೆ. ಮೊದಲ ಪಂಕ್ತಿಯ ಬೀಗರು ಹೋಳಿಗೆಗೆ ತುಪ್ಪ ಸಾಲದೆಂದು ಮುಖ ಊದಿಸಿಕೊಳ್ಳುತ್ತಾರೆ. ತೃಪ್ತಿಯನ್ನೇ ಎಣಿಸಿದರೆ, ಕೊನೆಯ ಪಂಕ್ತಿಗೇ ಉಪಚಾರ ಚೆನ್ನಾಯಿತು ಎನ್ನಬೇಕಾಗುತ್ತದೆ!

ಅತ್ತೆ ಹಿಂದೆ ತಿಂಗಳಿಗೊಮ್ಮೆ ಪಾಸ್‌ಪುಸ್ತಕ ಹಿಡಿದು ತಾವೇ ಬ್ಯಾಂಕಿಗೆ ಹೋಗಿ, ರುಜು ಹಾಕಿ, ಪಿಂಚಣಿ ಎಣಿಸಿಕೊಂಡು ಬರುತ್ತಿದ್ದರು. ಹತ್ತಿರದ ಶಾಖೆ ಮುಚ್ಚಿತು; ಕೈಗೆ ಫೋನು ಬಂತು. ರಹಸ್ಯ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕು ಸಾರುತ್ತಲೇ ಇದೆ. ಅತ್ತೆ ನನಗೆ ಹೇಳಿದ್ದಾರೆ, ಹೇಳದೆ ಗತಿಯಿಲ್ಲ. ಮೊಮ್ಮಗಳಿಗೆ ಗುಟ್ಟಾಗಿ ಐನೂರು ರೂಪಾಯಿ ಕಳಿಸಬೇಕಾದರೂ ನನ್ನ ಮುಖ ನೋಡಬೇಕು. ಆದರೂ ಐದು ನಕ್ಷತ್ರ. "ಇದನ್ನು ನೀವೇ ಮಾಡುತ್ತೀರಾ?" ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಇದ್ದುದರಲ್ಲಿ ತೃಪ್ತಿಪಡಬೇಕೆಂದು ಹಿರಿಯರು ಹೇಳಿದ್ದಾರೆ, ನಿಜ. ಆ ತೃಪ್ತಿ ಪಡೆಯುವವರಿಗೆ ಭೂಷಣ; ಕೊಡುವವರು ಅದನ್ನು ರಶೀದಿಯೆಂದು ತೋರಿಸಿಕೊಳ್ಳಲಾಗದು.

ಬ್ಯಾಂಕನ್ನು ದೂರುವುದು ಸುಲಭ. ನಾನು ಮಾಡಿದ್ದೇನು? ಕಲಿಸುವುದಕ್ಕಿಂತ ಮಾಡಿಕೊಡುವುದು ಬೇಗ ಮುಗಿಯುತ್ತದೆ; ಜೊತೆಗೆ ಉಪಕಾರಿ ಎನಿಸಿಕೊಳ್ಳುವ ಸುಖ. ಅತ್ತೆಯ ತೃಪ್ತಿ ನನಗೂ ಅನುಕೂಲವಾಗಿಯೇ ಇತ್ತು.

ಅಂದಿನಿಂದ ಪ್ರತಿ ಭಾನುವಾರ ಅವರ ಪಕ್ಕದಲ್ಲಿ ಕುಳಿತೆ. ರಹಸ್ಯ ಸಂಖ್ಯೆಯನ್ನು ಬದಲಾಯಿಸುವಾಗ ಮುಖ ತಿರುಗಿಸಿಕೊಂಡೆ. ಮೊದಲ ಸಲ ವಿದ್ಯುತ್ ಬಿಲ್ಲು ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಈಗ ಐದು ನಿಮಿಷ.

ಈ ವಾರ ಮತ್ತೆ ಅದೇ ಪ್ರಶ್ನೆ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಓದಿ, "ಅಕ್ಷರ ಇಷ್ಟು ಸಣ್ಣದು ಯಾಕೆ? ಎಲ್ಲವನ್ನೂ ಕನ್ನಡದಲ್ಲಿ ಬರೆದರೆ ಇವರ ಗಂಟೇನು ಹೋಗುತ್ತೆ?" ಎಂದು ಗೊಣಗಿ, ಎರಡೇ ನಕ್ಷತ್ರ ಒತ್ತಿದರು.

ಬ್ಯಾಂಕಿನ ಲೆಕ್ಕದಲ್ಲಿ ಸೇವೆ ಕೆಟ್ಟಿತು. ನನಗೇಕೋ ಬಹಳ ಸಂತೋಷವಾಯಿತು.