ಲೆಕ್ಕಕ್ಕೆ ಸಿಗದ ಒಂದು ದಿನ

ತಾಯ್ತನವನ್ನು ತ್ಯಾಗವೆಂದು ಹೊಗಳುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ತಾಯಿಗೆ ತನ್ನ ತಾಯ್ತನದಲ್ಲಿ ಸಂತೋಷ ಸಿಗುತ್ತಿದೆಯೇ ಎಂದು ಕೇಳುವವರು ಎಷ್ಟು ಮಂದಿ? ತ್ಯಾಗವನ್ನು ಹೊಗಳಿಬಿಟ್ಟರೆ ಆ ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಆ ಸಂತೋಷ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದರೆ, ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಹೊರಟು, ಅಂದುಕೊಂಡದ್ದು ಒಂದೂ ನಡೆಯದ ದಿನದಲ್ಲಿ ಎನ್ನುತ್ತೇನೆ. ವಿಚಿತ್ರವೆನಿಸಬಹುದು. ಸ್ವಲ್ಪ ವಿವರಿಸುತ್ತೇನೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಕಂದಿಕೆರೆಯ ಸುತ್ತಮುತ್ತ ಎಲ್ಲೆಲ್ಲೂ ತೆಂಗು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಸದ್ದು ಮಾಡುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆಮೇಲೆ ಅದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಒಂದು ಎಳನೀರು ಕಿತ್ತರೆ ಒಂದು ಕೊಬ್ಬರಿ ಹೋಯಿತೆಂದು ಲೆಕ್ಕ ಹಾಕುವ ಮನೆಗಳಿವೆ. ಅದರಲ್ಲಿ ತಪ್ಪೇನಿಲ್ಲ, ಬದುಕು ಆ ಲೆಕ್ಕದ ಮೇಲೆಯೇ ನಿಂತಿದೆ.

ತಾಯಂದಿರ ದಿನವೂ ಅಂಥದ್ದೇ ಲೆಕ್ಕದ್ದು. ಒಲೆ, ಬಟ್ಟೆ, ಮಕ್ಕಳ ಸ್ಕೂಲು, ಅರಬ್ಬಿ ಪಾಠ, ಅತ್ತೆ ಮಾವಂದಿರ ಮಾತ್ರೆ. ಎಲ್ಲವೂ ಮಕ್ಕಳ ನಾಳೆಗಾಗಿ. "ಅಮ್ಮೀ, ಇಲ್ಲಿ ನೋಡು" ಎಂದು ಮಗು ಕರೆದರೆ "ತಡಿ, ಕೈಯಲ್ಲಿ ಕೆಲಸ ಇದೆ" ಎನ್ನುತ್ತೇವೆ. ಇಡೀ ದಿನ ಮನೆಯಲ್ಲೇ ಇದ್ದರೂ ಮಗು ಹೆಚ್ಚಾಗಿ ಕಾಣುವುದು ತಾಯಿಯ ಬೆನ್ನನ್ನು.

ಒಮ್ಮೆ ನಾವು ಸುವರ್ಣಮುಖಿಗೆ ಕಟ್ಟಿರುವ ಬೋರನಕಣಿವೆ ಜಲಾಶಯ ನೋಡಲು ಹೊರಟೆವು. ಅರ್ಧ ದಾರಿಯಲ್ಲಿ ಆಟೋ ಪಂಕ್ಚರ್. ಚಾಲಕ ಚಕ್ರ ಬಿಚ್ಚಿಕೊಂಡು ಹೋದವನು ಎರಡು ಗಂಟೆಯಾದರೂ ಬರಲಿಲ್ಲ. ರಸ್ತೆ ಬದಿಯ ತೋಟದಲ್ಲಿ ಕೂತು ಬುತ್ತಿ ಬಿಚ್ಚಿದೆವು. ತೋಟದವರು ಮಕ್ಕಳನ್ನು ನೋಡಿ ನಾಲ್ಕು ಎಳನೀರು ಕೆಡವಿಸಿದರು. ದುಡ್ಡು ಕೊಡಲು ಹೋದರೆ, "ಮಕ್ಕಳು ಕುಡಿದಿದ್ದಕ್ಕೆ ಲೆಕ್ಕ ಏನಮ್ಮಾ" ಎಂದರು. ನನಗೆ ಮಾಡಲು ಕೆಲಸವೇ ಇರಲಿಲ್ಲ. ಆಗ ಮಗಳು ಕೇಳಿದಳು: "ಅಮ್ಮೀ, ಚಿಕ್ಕವಳಿದ್ದಾಗ ನೀನು ಮರ ಹತ್ತುತ್ತಿದ್ದೆಯಾ?" ಹತ್ತುತ್ತಿದ್ದೆ, ನಮ್ಮ ಹಿತ್ತಲಿನ ಸೀಬೆ ಮರ. ಅಮ್ಮಿಗೂ ಒಂದು ಬಾಲ್ಯವಿತ್ತೆಂದು ಅವಳಿಗೆ ತಿಳಿದದ್ದು ಅಂದು. ಜಲಾಶಯ ನೋಡಲಾಗಲಿಲ್ಲ. ಮಕ್ಕಳು ಇಂದಿಗೂ ನೆನೆಯುವುದು ಆ ತೋಟವನ್ನು.

ಹಾಗೆಂದು ಅನಿಶ್ಚಿತತೆಯನ್ನು ಹಾಡಿ ಹೊಗಳಲಾರೆ. ಕತ್ತಲಾದ ಮೇಲೆ, ಕಂಕುಳಲ್ಲಿ ಜ್ವರದ ಮಗುವನ್ನಿಟ್ಟುಕೊಂಡು ಬರದ ಬಸ್ಸಿಗೆ ಕಾಯುವವಳಿಗೆ ಅದು ಸಂತೋಷವಲ್ಲ, ಭಯ. ಇನ್ನೊಂದು ಭಯವೂ ಇದೆ. ಮನೆಗೆ ಬಂದೊಡನೆ ಕೇಳುವ "ಇಷ್ಟು ಹೊತ್ತು ಎಲ್ಲಿದ್ದೆ?" ಎಂಬ ಪ್ರಶ್ನೆ. ಗಂಡಸು ತಡವಾಗಿ ಬಂದರೆ ದಾರಿಯ ದೋಷ, ಹೆಂಗಸು ತಡವಾಗಿ ಬಂದರೆ ಅವಳದೇ ದೋಷ. ದಾರಿ ಒಂದೇ, ಪಂಕ್ಚರ್ ಒಂದೇ. ಅದು ಸಂತೋಷವಾಗುತ್ತದೋ ಸಂಕಟವಾಗುತ್ತದೋ ಎಂಬುದು ಮನೆಯಲ್ಲಿ ಲೆಕ್ಕ ಕೇಳಲು ಯಾರು ಕೂತಿದ್ದಾರೆ ಎಂಬುದರ ಮೇಲಿದೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. "ಹೆಂಗಸರು ಸುಮ್ಮನೆ ತಿರುಗಲು ಶುರು ಮಾಡಿದರು" ಎಂಬ ಕುಹಕ ಅದರ ಬೆನ್ನಿಗೇ ಬಂತು. ಯೋಚಿಸಿ ನೋಡಿ, ಒಂದು ಲೋಟ ಚಹಾಕ್ಕಾಗಿ ಪೇಟೆಗೆ ಹೋಗಿ ಬರುವ ಗಂಡಸಿನಿಂದ ಯಾರಾದರೂ ಕಾರಣ ಕೇಳುತ್ತಾರೆಯೇ? ಆಸ್ಪತ್ರೆ, ಮದುವೆ, ಸಾವು, ಇವು ಮೂರೇ ಕಾರಣಗಳಿಗೆ ಬಸ್ಸು ಹತ್ತುತ್ತಿದ್ದವಳು ಮಕ್ಕಳ ಕೈಹಿಡಿದು ಸುಮ್ಮನೆ ಹೊರಟರೆ ಅದು ಕುಹಕದ ವಿಷಯವಲ್ಲ. ಟಿಕೆಟ್ಟಿನ ಲೆಕ್ಕವನ್ನು ಸರಕಾರ ಬಿಟ್ಟಿದೆ. ಸಮಯದ ಲೆಕ್ಕವನ್ನು ಮನೆಯವರೇ ಬಿಡಬೇಕು.

ಪ್ರವಾದಿಯವರು(ಸ) ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತಿರುವಾಗ ಮಗುವಿನ ಅಳು ಕೇಳಿಸಿದರೆ, ಅದರ ತಾಯಿಗೆ ಕಷ್ಟವಾಗದಿರಲೆಂದು ಅದನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ತಾಯಿ ಮಗುವನ್ನು ಕರೆದುಕೊಂಡು ಬಂದದ್ದನ್ನು ಅವರು ಆಕ್ಷೇಪಿಸಲಿಲ್ಲ, ತಮ್ಮ ಎಣಿಕೆಯನ್ನೇ ಬದಲಿಸಿಕೊಂಡರು. ಆರಾಧನೆಯಲ್ಲೇ ಇಷ್ಟು ಅವಕಾಶವಿರುವಾಗ, ನಮ್ಮ ರಾತ್ರಿಯ ಊಟ ಒಂದು ಗಂಟೆ ತಡವಾದರೆ ಆಕಾಶ ಬೀಳುವುದಿಲ್ಲ.

ಆದ್ದರಿಂದ ಮನೆಯ ಹಿರಿಯರಲ್ಲಿ, ಗಂಡಂದಿರಲ್ಲಿ ಒಂದು ಮಾತು. ತಾಯಿ ಮಕ್ಕಳು ತಡವಾಗಿ ಬಾಗಿಲು ತಟ್ಟಿದ ದಿನ "ಯಾಕೆ ತಡ" ಎನ್ನಬೇಡಿ, "ಏನೇನಾಯಿತು, ಹೇಳಿ" ಎನ್ನಿ. ಒಂದಿಷ್ಟು ಅನ್ನ ಬೇಯಿಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಕೊಬ್ಬರಿ ಬೇಕು, ನಿಜ. ಆದರೆ ಮಕ್ಕಳಿಗಾಗಿ ವರ್ಷಕ್ಕೆ ನಾಲ್ಕು ಎಳನೀರು ಕಿತ್ತರೆ ಯಾವ ತೋಟವೂ ಬರಿದಾಗುವುದಿಲ್ಲ.