ಪಟ್ಟಿಯಲ್ಲಿಲ್ಲದ ಹೆಸರು

ಪಟ್ಟಿಯೊಂದು ಕಣ್ಣೆದುರಿಗಿದ್ದರೆ ನಾವು ಅದನ್ನು ಪ್ರಶ್ನಿಸುವುದು ಕಡಿಮೆ. ಅದರಲ್ಲಿ ಹೆಸರಿದ್ದದ್ದು ಉಂಟು, ಹೆಸರಿಲ್ಲದ್ದು ಇಲ್ಲ ಎಂದುಕೊಂಡು ಮುಂದೆ ಹೋಗುತ್ತೇವೆ. ಈ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದು ನನಗೆ ಮನವರಿಕೆಯಾದದ್ದು ಹೆಗ್ಗರಣೆಯಲ್ಲಿ, ನೆರೆಮನೆಯ ಹುಡುಗಿಯ ಲ್ಯಾಪ್‌ಟಾಪ್ ಮುಂದೆ ಕೂತಾಗ.

ಅವಳ ಅಣ್ಣ ಬಳಸಿ ಬಿಟ್ಟ ಹಳೆಯ ಯಂತ್ರ ಅದು. ಲಿನಕ್ಸ್ ಮಿಂಟ್ ಹಾಕಿದ್ದರಿಂದ ಇನ್ನೂ ಚೆನ್ನಾಗಿಯೇ ಓಡುತ್ತಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯ ಪುಟ ಕಟ್ಟಲು ಅವಳಿಗೆ ಸ್ಕ್ರೈಬಸ್ ಬೇಕಿತ್ತು. "ಹಾಕಿದ್ದಿ ಮಾವ, ಮೆನುವಲ್ಲಿ ಮಾತ್ರ ಕಾಣ್ತಿಲ್ಲೆ" ಎಂದಳು. ಒಮ್ಮೆ ತೆಗೆದು ಮತ್ತೆ ಹಾಕಿಯೂ ನೋಡಿದ್ದಳಂತೆ. ಟರ್ಮಿನಲ್ ತೆರೆದು ತಂತ್ರಾಂಶದ ಹೆಸರನ್ನು ಟೈಪ್ ಮಾಡಿದೆ. ಕ್ಷಣದಲ್ಲಿ ಸ್ಕ್ರೈಬಸ್ ತೆರೆದುಕೊಂಡಿತು.

ಲಿನಕ್ಸ್‌ನಲ್ಲಿ ತಂತ್ರಾಂಶ ಬೇರೆ, ಮೆನುವಿನಲ್ಲಿ ಅದರ ಹೆಸರು ಕಾಣುವುದು ಬೇರೆ. ಹೆಸರು ಕಾಣಬೇಕಾದರೆ 'ಡಾಟ್ ಡೆಸ್ಕ್‌ಟಾಪ್' ಎಂದು ಕೊನೆಗೊಳ್ಳುವ ಪುಟ್ಟ ಕಡತವೊಂದು ಇರಬೇಕು. ತಂತ್ರಾಂಶದ ಹೆಸರು, ಚಿತ್ರ, ಅದು ಯಾವ ಆಜ್ಞೆಗೆ ತೆರೆಯುತ್ತದೆ, ಯಾವ ವಿಭಾಗಕ್ಕೆ ಸೇರುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕನ್ನಡದ ಹೆಸರಿಗೂ ಅಲ್ಲೊಂದು ಸಾಲಿಗೆ ಜಾಗವಿದೆ. 2000ದಲ್ಲಿ ಹ್ಯಾವೋಕ್ ಪೆನ್ನಿಂಗ್ಟನ್ ಆರಂಭಿಸಿದ ಫ್ರೀಡೆಸ್ಕ್‌ಟಾಪ್ ಯೋಜನೆಯಡಿ ರೂಪುಗೊಂಡ ಈ ಪದ್ಧತಿಯನ್ನು ಗ್ನೋಮ್, ಕೆಡಿಇ, ಸಿನಮನ್ ಎಂಬ ಡೆಸ್ಕ್‌ಟಾಪ್‌ಗಳೆಲ್ಲವೂ ಪಾಲಿಸುತ್ತವೆ.

ಹೆಸರು ಕಾಣದಿರಲು ಕಾರಣಗಳು ಹಲವು. ಜಿಪ್ ಕಡತ ಬಿಚ್ಚಿ ಹಾಕಿಕೊಂಡ ತಂತ್ರಾಂಶಕ್ಕೆ ಈ ಪುಟ್ಟ ಕಡತವೇ ಇಲ್ಲದಿರಬಹುದು. ತಂತ್ರಾಂಶ ಹಾಕಿಕೊಳ್ಳಲು ಬಳಸುವ ಫ್ಲಾಟ್‌ಪ್ಯಾಕನ್ನು ಹೊಸದಾಗಿ ಹಾಕಿದ್ದರೆ ಒಮ್ಮೆ ಲಾಗ್ಔಟ್ ಆಗಿ ಬರುವವರೆಗೂ ಅದರ ತಂತ್ರಾಂಶಗಳು ಕಾಣದಿರಬಹುದು. 'ಟ್ರೈಎಕ್ಸೆಕ್' ಸಾಲಿನಲ್ಲಿ ಹೇಳಿದ ಜಾಗದಲ್ಲಿ ತಂತ್ರಾಂಶ ಸಿಗದಿದ್ದರೆ ಮೆನು ಯಾವ ದೂರನ್ನೂ ಹೇಳದೆ ಅದನ್ನು ಕೈಬಿಡುತ್ತದೆ. 'ಓನ್ಲಿ ಶೋ ಇನ್' ಎಂಬ ಸಾಲಿನಲ್ಲಿ ಕೆಡಿಇ ಒಂದನ್ನೇ ಬರೆದಿದ್ದರೆ ಉಳಿದ ಕಡೆ ಕಾಣುವುದಿಲ್ಲ.

ಅವಳ ಯಂತ್ರದಲ್ಲಿ ಇವು ಯಾವುವೂ ಆಗಿರಲಿಲ್ಲ. ಎಲ್ಲರಿಗೂ ಸೇರಿದ ಕಡತವು ವ್ಯವಸ್ಥೆಯ ಫೋಲ್ಡರಿನಲ್ಲಿ ಸರಿಯಾಗಿಯೇ ಇತ್ತು. ಆದರೆ ಅದೇ ಹೆಸರಿನ ಇನ್ನೊಂದು ಕಡತ ಅವಳ ಹೋಮ್ ಫೋಲ್ಡರಿನ ಒಳಗೆ, ಮಾಮೂಲಿಯಾಗಿ ಕಣ್ಣಿಗೆ ಬೀಳದ 'ಡಾಟ್ ಲೋಕಲ್' ಫೋಲ್ಡರಿನಲ್ಲಿತ್ತು. ಅದರಲ್ಲೊಂದು ಸಾಲು: 'ನೋ ಡಿಸ್‌ಪ್ಲೇ, ಟ್ರೂ'. ತೋರಿಸಬೇಡ ಎಂಬ ಆದೇಶ. ಅಣ್ಣ ಎಂದೋ ಮೆನು ಚೊಕ್ಕ ಮಾಡುವಾಗ ಬಚ್ಚಿಟ್ಟಿದ್ದ. ಎರಡೂ ಕಡೆ ಒಂದೇ ಹೆಸರಿನ ಕಡತವಿದ್ದರೆ ಹೋಮ್ ಫೋಲ್ಡರಿನದ್ದೇ ಗೆಲ್ಲುತ್ತದೆ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದರೆ ವ್ಯವಸ್ಥೆಯ ಫೋಲ್ಡರಿನ ಕಡತ ಹೊಸದಾಗುತ್ತದೆಯೇ ಹೊರತು ಹೋಮ್ ಫೋಲ್ಡರಿನದಕ್ಕೆ ಏನೂ ಆಗುವುದಿಲ್ಲ. ಆ ಕಡತ ಅಳಿಸಿದ ಮೇಲೆ ಹೆಸರು ಮೆನುವಿಗೆ ಬಂತು.

ಹೆಸರು ಗೊತ್ತಿದ್ದವನಿಗೆ ಮೆನು ಬೇಕಾಗಿಲ್ಲ. ಟರ್ಮಿನಲ್ಲಿನಲ್ಲಿ ಟೈಪ್ ಮಾಡಿ ತೆರೆಯುತ್ತಾನೆ. ಮೆನುವನ್ನೇ ನಂಬಿದವರು ಹೊಸಬರು. ಹೀಗಾಗಿ ಪಟ್ಟಿಯಿಂದ ಒಂದು ಹೆಸರು ಬಿಟ್ಟುಹೋದರೆ ಪೆಟ್ಟು ಬೀಳುವುದು ಬೇರೆ ದಾರಿ ಗೊತ್ತಿಲ್ಲದವರಿಗೆ.

ಹೆಗ್ಗರಣೆ ಇರುವ ಸಿದ್ದಾಪುರ ಸೀಮೆಯಲ್ಲಿ ಬದುಕುವವರಿಗೆ, ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದು ಹೊಸ ಸಂಗತಿಯಲ್ಲ. ಅಜ್ಜ ತೀರಿಕೊಂಡ ಮೇಲೆ ಫೌತಿ ಖಾತೆ ಆಗದ ತೋಟಗಳು ಎಷ್ಟೋ ಇವೆ. ಕೊಳೆರೋಗಕ್ಕೆ ಮದ್ದು ಹೊಡೆಸುವವನು, ಕೊನೆ ಕೊಯ್ಸುವವನು ಮೊಮ್ಮಗ. ಬೆಳೆಸಾಲ ಕೇಳಲು ಹೋದರೆ ಪಹಣಿಯಲ್ಲಿ ಅವನ ಹೆಸರಿಲ್ಲ. ಊರಿನವರಿಗೆಲ್ಲ ಅವನ ತೋಟ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ವಕೀಲರ, ಕಚೇರಿಯ ಪರಿಚಯವಿದ್ದವನು ಹೇಗೋ ದಾರಿ ಮಾಡಿಕೊಳ್ಳುತ್ತಾನೆ. ಇಲ್ಲದವನು ತನ್ನದೇ ತೋಟದಲ್ಲಿ ಪರಕೀಯನಾಗುತ್ತಾನೆ. ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡುತ್ತ ಬಂದವರ ಪಾಡು ಇನ್ನೂ ಕಷ್ಟ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಆಧಾರ ಕೇಳುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ವಿವರವಾಗಿ ದಾಖಲಿಸಬೇಕೆಂದು 2012ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ಈ ನಿಯಮ ಎಷ್ಟು ಮುಖ್ಯವೆಂಬುದು ಆ ಪುಟ್ಟ ಕಡತ ಓದಿದ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಆ ಹುಡುಗಿಯ ಯಂತ್ರದಲ್ಲಿ ಬಿಟ್ಟುಹೋದ ಹೆಸರಿಗೆ ಕಾರಣ ಒಂದು ಸಾಲಿನಲ್ಲಿ, ಯಾರು ಬೇಕಾದರೂ ತೆರೆದು ಓದಬಹುದಾದ ಅಕ್ಷರಗಳಲ್ಲಿತ್ತು. ಅದರಿಂದಲೇ ತಿದ್ದಲು ಸಾಧ್ಯವಾಯಿತು.

ಎಲ್ಲ ಪಟ್ಟಿಯೂ ಏನನ್ನೋ ಬಿಡಲೇಬೇಕು. ಎಲ್ಲವನ್ನೂ ತೋರಿಸುವ ಮೆನು ಯಾರಿಗೂ ಉಪಯೋಗಕ್ಕೆ ಬಾರದು. ಬಿಟ್ಟದ್ದಕ್ಕೆ ಕಾರಣ ಬರೆದಿಡದ, ಕೇಳಿದವರಿಗೆ ತೋರಿಸದ ಪಟ್ಟಿಯನ್ನು ಮಾತ್ರ ನಾವು ಒಪ್ಪಬಾರದು. ಮೆನುವಾಗಲಿ, ಪಹಣಿಯಾಗಲಿ, ನಿಮ್ಮ ಹೆಸರು ಕಾಣದಿದ್ದರೆ 'ನಾನು ಇಲ್ಲ' ಎಂದು ಹಿಂದಿರುಗಬೇಡಿ. ಯಾವ ಸಾಲಿನಿಂದ ಬಿಟ್ಟುಹೋಯಿತೆಂದು ಕೇಳಿ, ಆ ಸಾಲನ್ನು ನಿಮ್ಮ ಕಣ್ಣಿನಿಂದಲೇ ಓದಿ.